ಅರ್ಜಿಯಲ್ಲಿ ಅರವತ್ತು ಬಾಯಿ

ಬೆಳಿಗ್ಗೆ ಎಂಟು ಗಂಟೆಗೆ ಫೋನು ಬಂದಾಗ ಅಪ್ಪಾಸಾಹೇಬರ ಬಾಯಲ್ಲಿ ತಂಬಾಕು ಇಲ್ಲದೇ ಹೋಗಿದ್ದರೆ ಆ ದಿನ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಕೆಂಪಾಪುರದ ಮನೆಯ ತಾರಸಿಯ ಮೇಲೆ, ಹೆಂಡತಿ ಶಿವಲಿಂಗವ್ವನ ಕಣ್ಣಿಗೆ ಬೀಳದಂತೆ ನೀರಿನ ಟ್ಯಾಂಕಿನ ಹಿಂದೆ ನಿಂತು, ಸುಣ್ಣ ಹಚ್ಚಿ ತಿಕ್ಕಿದ ತಂಬಾಕಿಗೆ ಅಡಿಕೆ ಚೂರು ಸೇರಿಸಿ ಆಗಷ್ಟೇ ಕೆನ್ನೆಯೊಳಗೆ ಇಟ್ಟುಕೊಂಡಿದ್ದರು. ಉಗುಳಲು ಮನಸ್ಸು ಬರಲಿಲ್ಲ. ಹಾಗಾಗಿ ಕೇಳಿದ್ದಕ್ಕೆಲ್ಲ ಮೂಗಿನಲ್ಲೇ ಉತ್ತರ ಕೊಟ್ಟರು.

“ಅಂಕಲ್, ನಾನು ಟ್ರಸ್ಟಿಂದ ಡಾಕ್ಟರ್ ಜಬೀನ್. ಕ್ಯಾನ್ಸರ್ ತಪಾಸಣೆ ಶಿಬಿರ ಮಾಡ್ತೀವಿ ಅಂತ ಅನುದಾನಕ್ಕೆ ಅರ್ಜಿ ಹಾಕಿದ್ರಲ್ಲ?”

“ಹ್ಞೂಂ.”

“ಬಾಯಿ ತೋರ್ಸೋಕೆ ಅರವತ್ತು ಜನ ಒಪ್ಪಿದ್ದಾರೆ ಅಂತ ಬರ್ದಿದೀರ. ಹೌದಾ?”

“ಹ್ಞೂಂ.”

“ಇವತ್ತು ಹನ್ನೊಂದಕ್ಕೆ ಬಂದ್ರೆ ಎಲ್ಲರೂ ಸಿಗ್ತಾರಾ?”

ಮೂರನೆಯ ಹ್ಞೂಂ ಹೊರಟುಹೋದ ಮೇಲೆ ಅದರ ಅರ್ಥ ಅವರಿಗೆ ಹೊಳೆಯಿತು. ಗಾಬರಿಗೆ ತಂಬಾಕಿನ ರಸ ಗಂಟಲಿಗಿಳಿದು ಕೆಮ್ಮು ಹತ್ತಿತು. ಕೆಮ್ಮು ನಿಲ್ಲುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಜಮಖಂಡಿ ಕಡೆಯಿಂದ ಬಂದ ಅಪ್ಪಾಸಾಹೇಬರು ಯಶವಂತಪುರದ ಪಂಪು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಈಗ ಆ ಕಾರ್ಖಾನೆ ಇಲ್ಲ. ಕಬ್ಬಿಣ ಕಾಯಿಸುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಅಲ್ಲಿ ಜೊತೆಗೆ ಕೆಲಸ ಮಾಡಿದ ಜೀವದ ಗೆಳೆಯ ಚಿಕ್ಕಮಾರಯ್ಯ ಹೋದ ವರ್ಷ ಬಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಅದೇ ಸಂಕಟದಲ್ಲಿದ್ದಾಗ, ಬಡಾವಣೆಯ ಜನರೇ ಸೇರಿ ಕ್ಯಾನ್ಸರ್ ತಡೆಯುವ, ಬೇಗ ಪತ್ತೆ ಮಾಡುವ ಕೆಲಸ ಮಾಡಿದರೆ ಒಂದು ಟ್ರಸ್ಟು ಹಣ ಕೊಡುತ್ತದೆಂದು ತಿಳಿಯಿತು. ಬಡಾವಣೆ ಸಂಘದ ಕಾರ್ಯದರ್ಶಿಯಾಗಿ ಅವರೇ ಕೂತು ಅರ್ಜಿ ತುಂಬಿದರು. ತಪಾಸಣೆಗೆ ಒಪ್ಪಿದವರು ಎಷ್ಟು ಎಂಬಲ್ಲಿ ಆರು ಎಂದು ಬರೆದರು. ಆ ಆರರಲ್ಲೂ ನಿಜವಾಗಿ ಒಪ್ಪಿದ್ದವನು ಗೆಳೆಯ ಲಾಲ್ ಸಾಬ್ ಒಬ್ಬನೇ.

ಪಕ್ಕದಲ್ಲಿ ಇಣುಕುತ್ತಿದ್ದ ಸಂಘದ ಅಧ್ಯಕ್ಷ ನಿರಂಜನ್ ಪೆನ್ನು ಕಿತ್ತುಕೊಂಡಿದ್ದ. “ಆರು ಜನಕ್ಕೆ ಯಾರ್ ಸಾರ್ ದುಡ್ಡು ಕೊಡ್ತಾರೆ? ಒಂದು ಆಟೋ ತುಂಬಲ್ಲ,” ಎನ್ನುತ್ತ ಆರರ ಮುಂದೆ ಸೊನ್ನೆ ಸುತ್ತಿಬಿಟ್ಟಿದ್ದ.

ಶಿವಲಿಂಗವ್ವನಿಗೆ ಮಾತ್ರ ಈ ಸುದ್ದಿ ಹೇಳಿರಲಿಲ್ಲ. ಹೇಳಿದ್ದರೆ, ಮೊದಲು ನಿಮ್ಮ ಬಾಯಿ ತೋರಿಸಿರಿ ಎನ್ನುತ್ತಿದ್ದಳು. ಊರಿನವರ ಬಾಯಿಗೆಲ್ಲ ಟಾರ್ಚು ಬಿಡಿಸಬೇಕೆಂದು ಹೊರಟ ಅಪ್ಪಾಸಾಹೇಬರು ತಮ್ಮ ಬಾಯಿಯ ವಿಷಯ ಬಂದರೆ ಸಾಲೆಯ ಹುಡುಗನ ಹಾಗೆ ಹಿಂದಿನ ಬೆಂಚಿಗೆ ಸರಿಯುವವರು. ಅದೃಷ್ಟಕ್ಕೆ ಅಂದು ಅವಳು ಒಂಬತ್ತಕ್ಕೇ ಭಜನೆಯೆಂದು ಹೊರಟುಹೋದಳು. ಇತ್ತೀಚೆಗೆ ಅವಳಿಗೆ ಭಜನೆ ಹೆಚ್ಚಾಗಿತ್ತು.

ಲಾಲ್ ಸಾಬ್ ಸ್ಕೂಟರಿನಲ್ಲಿ ಬಂದ. ಇಬ್ಬರೂ ಸಂಘದ ಸಭಾಂಗಣದ ಮೆಟ್ಟಿಲ ಮೇಲೆ ಕೂತು, ಬಡಾವಣೆಯವರನ್ನು ಕರೆದರೆ ಸುದ್ದಿ ಶಿವಲಿಂಗವ್ವನ ಕಿವಿಗೆ ಬಿದ್ದೀತೆಂದು, ಹಳೆಯ ಸಹೋದ್ಯೋಗಿಗಳಿಗೆಲ್ಲ ಫೋನು ಹಚ್ಚಿದರು. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಒಬ್ಬನಿಗೆ ಸೊಂಟ ಹಿಡಿಯಿತು. ಇನ್ನೊಬ್ಬ, “ಇಲ್ದೇ ಇರೋದನ್ನ ಯಾಕೆ ಕರ್ದು ಮನೇಲಿ ಕೂರಿಸ್ಕೊಳ್ಳೋದು ಗುರು?” ಎಂದ. ಮತ್ತೊಬ್ಬ ರೋಗವೇ ಫೋನಿನಲ್ಲಿ ಬಂದೀತೆಂಬಂತೆ ಸ್ವಿಚ್ ಆಫ್ ಮಾಡಿಬಿಟ್ಟ.

“ಹೀಂಗಾದ್ರ ಮರ್ಯಾದಿ ಹೋಗೂದ ಖರೆ,” ಎಂದರು ಅಪ್ಪಾಸಾಹೇಬರು.

ಲಾಲ್ ಸಾಬ್ ಗಡ್ಡ ನೀವಿಕೊಂಡ. “ಅಪ್ಪಾ ಭಾಯ್, ಬೀಮಾರಿ ಹೆಸ್ರಲ್ಲಿ ಯಾರೂ ಬರಲ್ಲ. ಹಳೇ ದೋಸ್ತರೆಲ್ಲ ಸೇರ್ತಾ ಇದೀವಿ, ತಿಂಡಿ ಇದೆ ಅನ್ನು. ಓಡ್ಕೊಂಡು ಬರ್ತಾರೆ.”

ಬಂದೇಬಂದರು. ನಾಗಸಂದ್ರದವರು ಮೆಟ್ರೋ ಹಿಡಿದು, ಗೊರಗುಂಟೆಪಾಳ್ಯದವರು ಎರಡು ಬಸ್ಸು ಬದಲಿಸಿ, ಸೊಂಟ ಹಿಡಿದಿದ್ದವನು ಎಲ್ಲರಿಗಿಂತ ಮೊದಲು. ಹತ್ತೂವರೆಗೆ ಸಭಾಂಗಣ ತುಂಬಿ ಅರವತ್ತಕ್ಕೆ ನಾಲ್ಕು ಜನ ಹೆಚ್ಚೇ ಆದರು. ಅಷ್ಟರಲ್ಲಿ ನಿರಂಜನ್ ತನ್ನದೇ ಉತ್ಸಾಹದಲ್ಲಿ ಉದ್ದನೆಯ ಬ್ಯಾನರ್ ಬರೆಸಿ ತಂದು ವೇದಿಕೆಗೆ ಕಟ್ಟಿಬಿಟ್ಟಿದ್ದ. ಅದರಲ್ಲಿ ‘ಬಾಯಿ ಕ್ಯಾನ್ಸರ್ ತಪಾಸಣೆಗೆ ಸುಸ್ವಾಗತ’ ಎಂದಿತ್ತು. ಅಪ್ಪಾಸಾಹೇಬರು ಓಡಿ ಹೋಗಿ, ಸುಸ್ವಾಗತ ಒಂದೇ ಕಾಣುವಂತೆ ಮಡಚಿ ಟೇಪು ಅಂಟಿಸಿದರು. ಆದರೂ ಧೈರ್ಯ ಸಾಲದೆ ಅದಕ್ಕೆ ಬೆನ್ನು ಕೊಟ್ಟು ನಿಂತರು.

ಶಿಬಿರದ ವಿಷಯ ಯಾವಾಗ ಎತ್ತಬೇಕೆಂದು ಅವರು ಲೆಕ್ಕ ಹಾಕುತ್ತಿದ್ದರೆ, ಸೇರಿದವರು ಅಷ್ಟರಲ್ಲೇ ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದರು. ಯಾರೋ ಜೇಬಿನಿಂದ ಕಾರ್ಖಾನೆಯ ಹಳೆಯ ಹಾಜರಿ ಬಿಲ್ಲೆ ತೆಗೆದು ನಂಬರು ತೋರಿಸಿದರು. ಕ್ಯಾಂಟೀನಿನ ಶುಕ್ರವಾರದ ಬಿಸಿಬೇಳೆಬಾತಿನಲ್ಲಿ ಗೋಡಂಬಿ ಸಿಕ್ಕವನು ಅಂದು ರಾಜನಾಗಿದ್ದದ್ದು ನೆನಪಾಯಿತು. ಭಾನುವಾರ ಸೈಕಲ್ಲಿನಲ್ಲಿ ಹೆಬ್ಬಾಳ ದಾಟಿ ಯಲಹಂಕದವರೆಗೆ ಹೋದರೆ ದಾರಿಯುದ್ದ ದ್ರಾಕ್ಷಿ ತೋಟಗಳು. ಉದುರಿದ ಹಣ್ಣನ್ನು ತೋಟದವರು ಸುಮ್ಮನೆ ಕೊಟ್ಟು ಕಳಿಸುತ್ತಿದ್ದರು, ಸೈಕಲ್ ಹ್ಯಾಂಡಲ್ಲಿಗೆ ಕಟ್ಟಿದ ಟವೆಲ್ಲು ಮನೆ ಮುಟ್ಟುವಷ್ಟರಲ್ಲಿ ನೀಲಿಯಾಗಿರುತ್ತಿತ್ತು. ಅಪ್ಪಾಸಾಹೇಬರೂ ತಾವು ನಿಂತ ಕಾರಣ ಮರೆತು ನಗತೊಡಗಿದರು.

“ಸೈರನ್ ಚಿಕ್ಕಮಾರಯ್ಯ ಇರ್ಬೇಕಿತ್ತು ಕಣ್ರೋ,” ಎಂದ ಪೇಂಟ್ ವಿಭಾಗದ ಬೋಳುತಲೆಯವನು.

ಊಟದ ಸೈರನ್ನಿಗೆ ಐದು ನಿಮಿಷ ಮುಂಚೆಯೇ ಚಿಕ್ಕಮಾರಯ್ಯ ಬಾಯಲ್ಲೇ ಸೈರನ್ ಊದುತ್ತಿದ್ದ. ಇಡೀ ವಿಭಾಗ ತಟ್ಟೆ ಹಿಡಿದು ಓಡುತ್ತಿತ್ತು. ಸೂಪರ್‌ವೈಸರ್ ಎರಡು ಸಲ ಮೋಸ ಹೋಗಿ ತಾನೂ ಓಡಿದ್ದ. ಅದನ್ನು ನೆನೆದು ಎಲ್ಲರೂ ನಕ್ಕರು.

ಆ ಹೊತ್ತಿಗೇ ಡಾಕ್ಟರ್ ಜಬೀನ್ ಒಳಗೆ ಬಂದಳು. ಮೂವತ್ತರ ಆಸುಪಾಸಿನ ಹುಡುಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಅಪ್ಪಾಸಾಹೇಬರು ಕೈಮುಗಿಯಲು ಎರಡು ಹೆಜ್ಜೆ ಮುಂದಿಟ್ಟರು. ಬೆನ್ನಿನ ಆಸರೆ ತಪ್ಪಿದ ಬ್ಯಾನರ್ ಟೇಪು ಕಿತ್ತುಕೊಂಡು ಸರ್ರನೆ ಪೂರ್ತಿ ಬಿಚ್ಚಿಕೊಂಡಿತು.

ಬೋಳುತಲೆಯವನು ಅದನ್ನು ಗಟ್ಟಿಯಾಗಿ ಓದಿ ಎದ್ದು ನಿಂತ. “ಹಳೇ ದಿನ ಅಂತ ಕರ್ದು ಇದಕ್ಕಾ ಕೂರ್ಸಿದ್ದು? ನಿನ್ನ ದೋಸ್ತಿಗೆ ದೊಡ್ಡ ನಮಸ್ಕಾರ ಅಪ್ಪಾಸಾಹೇಬ. ನಡೀರಪ್ಪ.”

ಕುರ್ಚಿಗಳು ಸದ್ದು ಮಾಡಿದವು. ಅರ್ಧ ಸಭೆ ಬಾಗಿಲ ಕಡೆ ತಿರುಗಿತು. ನಿರಂಜನ್ ಮೈಕು ಹಿಡಿದು, “ತಿಂಡಿ ತಿಂದ್ಕೊಂಡ್ ಹೋಗಿ,” ಎಂದು ಬೇಡಿಕೊಳ್ಳುತ್ತಿದ್ದ. ಅಪ್ಪಾಸಾಹೇಬರು ಮೈಕು ಕೇಳಲಿಲ್ಲ. ನಿಂತಲ್ಲಿಂದಲೇ ಮಾತಾಡಿದರು.

“ಸುಳ್ಳ ಹೇಳಿ ಕರದೀನಿ, ತಪ್ಪಾತು. ಆದ್ರ ಇದೊಂದು ಕೇಳ್ರಿ. ಚಿಕ್ಕಮಾರಯ್ಯನ ಗಲ್ಲದಾಗ ಬಿಳಿ ಮಚ್ಚಿ ಎದ್ದಾಗ ಮೊದಲ ನನಗ ತೋರಿಸಿದ್ದ. ಸುಣ್ಣ ಸುಟ್ಟಿರಬೇಕು, ಅರಿಷಿಣ ಹಚ್ಚೋ ಅಂದೆ ನಾನು. ಹಂಗ ಅಂದು, ನನ್ನ ತಂಬಾಕಿನ ಡಬ್ಬಿನ ಅವನ ಮುಂದ ಹಿಡದೆ. ಎಂಟು ತಿಂಗಳು ಅರಿಷಿಣ ಹಚ್ಚಿದ. ದವಾಖಾನಿಗೆ ಹೋಗೂದ್ರಾಗ ಭಾಳ ತಡ ಆಗಿತ್ತು. ಕಡೀಕ ಸೈರನ್ ಇರ್ಲಿ, ನೀರು ಕೇಳಾಕೂ ಆ ಬಾಯಿ ತೆರೀಲಿಲ್ಲ. ಯಾರರೆ ಒಬ್ಬರು ಟಾರ್ಚ್ ಹಾಕಿ ನೋಡಿದ್ರ ಇವತ್ತು ಇಲ್ಲೇ ಕುಂತಿರತಿದ್ದ.”

ಬಾಗಿಲ ತನಕ ಹೋದವರು ಅಲ್ಲೇ ನಿಂತರು. ಆ ಬಾಗಿಲ ಹೊರಗೆ ಕೆಲವು ಹೆಂಗಸರು ಬಂದು ನಿಂತಿದ್ದರು. ಅವರ ನಡುವಿನಿಂದ ಚಿಕ್ಕಮಾರಯ್ಯನ ಹೆಂಡತಿ ಚನ್ನಕ್ಕ ಒಳಗೆ ಬಂದಳು. ಅಪ್ಪಾಸಾಹೇಬರ ತಲೆ ತಾನಾಗಿ ಬಗ್ಗಿತು.

“ಬುಡು ಅಣ್ಣ,” ಎಂದಳು ಚನ್ನಕ್ಕ. “ಅಂಗಂತ ನೀನು ಏಳಿದ್ದು ಒಂದೇ ಸಲ. ದಿನಾ ಅರಿಶ್ನ ತೇದು ಅಚ್ಚಿದೋಳು ನಾನು. ಇಂಗೆ ಆಯ್ತದೆ ಅಂತ ನಮ್ಗೆ ಯಾರ್ ಏಳ್ಕೊಟ್ಟಿದ್ರು?”

ಬೋಳುತಲೆಯವನು ತಲೆ ಸವರಿಕೊಂಡು ಕೂತ. ಅವನನ್ನು ನೋಡಿ ಉಳಿದವರೂ ಕೂತರು. “ಮೊದ್ಲು ನಂದೇ ನೋಡಮ್ಮ,” ಎಂದು ಲಾಲ್ ಸಾಬ್ ಬಾಯಿ ತೆರೆದುಕೊಂಡು ಎದುರಿಗೆ ನಿಂತ. ಹಿಂದೆ ಸಾಲು ಬೆಳೆಯಿತು. ಅಪ್ಪಾಸಾಹೇಬರ ಕಣ್ಣು ತುಂಬಿ ಬಂತು. ಅನುದಾನ ಸಿಕ್ಕಿತು, ಗೆಳೆಯನ ಹೆಸರಿನಲ್ಲಿ ವರ್ಷವಿಡೀ ಶಿಬಿರ, ತಾನೇ ಅದರ ಮುಂದಾಳು ಎಂದು ಮನಸ್ಸಿನಲ್ಲೇ ಉದ್ಘಾಟನೆಯ ಭಾಷಣ ಶುರುವಾಯಿತು.

ಜಬೀನ್ ಸಂಕೋಚದಿಂದ ಹತ್ತಿರ ಬಂದಳು. “ಅಂಕಲ್, ಒಂದ್ ವಿಷ್ಯ ಹೇಳ್ಬೇಕು. ಒಂದು ಏರಿಯಾಕ್ಕೆ ಒಂದೇ ಅನುದಾನ ಕೊಡೋದು. ಕೆಂಪಾಪುರದಿಂದ ಇನ್ನೊಂದು ಅರ್ಜಿ ಬಂದಿತ್ತು. ಮನೆಮನೆಗೆ ಹೋಗಿ ಜನ್ರನ್ನ ಒಪ್ಸಿ, ಸಹಿ ಮಾಡ್ಸಿ ಕೊಟ್ಟಿದ್ರು. ಹೋದ ವಾರವೇ ಅವ್ರಿಗೆ ಮಂಜೂರಾಯ್ತು. ನಿಮ್ಮ ಅರವತ್ತು ಜನಾನೂ ಅವ್ರ ಜೊತೆ ಸೇರಿಸೋಣ ಅಂತ ಬಂದೆ. ಅವ್ರಿಗೂ ಇಲ್ಲಿಗೇ ಬರೋಕೆ ಹೇಳಿದೀನಿ.”

“ಯಾರದವಾ ಆ ಅರ್ಜಿ?”

“ಮಹಿಳಾ ಸಂಘದ್ದು. ಕಾರ್ಯದರ್ಶಿ ಈ ಚನ್ನಕ್ಕ. ಅಧ್ಯಕ್ಷರು...” ಜಬೀನ್ ಬಾಗಿಲ ಕಡೆ ನೋಡಿದಳು.

ಹೆಂಗಸರ ಗುಂಪಿನಿಂದ ಶಿವಲಿಂಗವ್ವ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ಕೈಯಲ್ಲಿ ದಪ್ಪನೆಯ ರಿಜಿಸ್ಟರು.

“ಭಜನಿ ಅಂದಿದ್ದಿ?” ಎಂದರು ಅಪ್ಪಾಸಾಹೇಬರು ಬಡಪಾಯಿ ದನಿಯಲ್ಲಿ.

“ನೀವೂ ಸಂಘದ ಮೀಟಿಂಗ್ ಅಂದಿದ್ರಿ,” ಎಂದಳು ಅವಳು. ರಿಜಿಸ್ಟರಿನ ಮೊದಲ ಪುಟ ತೆರೆದು ಜಬೀನಳ ಮುಂದೆ ಹಿಡಿದಳು. “ಮೊದಲನೇ ಹೆಸರು ಇವರದ ಐತ್ರಿ ಡಾಕ್ಟರಮ್ಮ. ಈ ಸಂಘ ಹುಟ್ಟಿದ್ದ ಇದೊಂದು ಬಾಯಿ ತೆಗಸಾಕ.”

ಅಷ್ಟೂ ಗೆಳೆಯರ ಎದುರು ಅಪ್ಪಾಸಾಹೇಬರು ಕುರ್ಚಿಯಲ್ಲಿ ಕೂತರು. ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು, ಮೂರು ಬೆರಳು ಜೋಡಿಸಿ ಬಾಯೊಳಗೆ ಇಟ್ಟುಕೊಳ್ಳಲು ಜಬೀನ್ ಹೇಳಿದಳು. ಎರಡು ಹೋದವು. ಮೂರನೆಯದು ಎಷ್ಟು ತಳ್ಳಿದರೂ ತುಟಿಯಲ್ಲೇ ನಿಂತಿತು.

“ಮಾತಾಡುವಾಗ ಐದೂ ಹೋಗ್ತಾವ್ರಿ,” ಎಂದಳು ಶಿವಲಿಂಗವ್ವ. ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಜಬೀನ್ ಟಾರ್ಚು ಹಾಕಿ ಬಹಳ ಹೊತ್ತು ನೋಡಿದಳು. “ಕೆನ್ನೆ ಒಳಗೆ ಬಿಳಿ ಮಚ್ಚೆ ಇದೆ ಅಂಕಲ್. ಸಣ್ಣದು. ಈಗ್ಲೇ ಸಿಕ್ಕಿದ್ದು ಒಳ್ಳೇದಾಯ್ತು. ಸೋಮವಾರ ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡೋಣ. ತಂಬಾಕು, ಅಡಿಕೆ ಎರಡೂ ಇವತ್ತಿಗೇ ಕೊನೆ.”

ಶಿವಲಿಂಗವ್ವ ಕುರ್ಚಿಯ ಬೆನ್ನನ್ನು ಬಿಟ್ಟಳು. ಅಪ್ಪಾಸಾಹೇಬರು ತಲೆ ಎತ್ತದೆ ಕೂತಿದ್ದರು. ಪಾಪವೆನಿಸಿ ಜಬೀನ್ ಕೇಳಿದಳು, “ಆಂಟಿ, ಇವತ್ತು ಇಷ್ಟು ಜನ ಸೇರ್ಸಿದ್ದು ಅಂಕಲ್ ಅಲ್ವಾ. ಯೋಜನೇಲಿ ಅವ್ರಿಗೂ ಏನಾದ್ರೂ ಒಂದು ಸ್ಥಾನ ಕೊಡೋಣ. ಏನಂತ ಬರ್ಕೊಳ್ಲಿ?”

ಶಿವಲಿಂಗವ್ವ ಯೋಚಿಸಿದಳು. “ಸದಸ್ಯ ಅನ್ನಾಕ ಬರೂದಿಲ್ಲ, ಇದು ಹೆಣ್ಣಮಕ್ಕಳ ಸಂಘ,” ಎಂದಳು. “ಪೇಶಂಟ್ ಅಂತ ಬರ್ಕೋರಿ.”