ನಮ್ಮ ಹಿತ್ತಲ ಹೊಂಡವೂ ಅವ್ವನ ನುಗ್ಗೆ ಕೊಂಬೆಯೂ

ಹಿತ್ತಲಲ್ಲಿ ಒಂದು ಹೊಂಡ ಇಟ್ಟುಕೊಂಡು ನೋಡಿ. ಮೀನು ಬದುಕುತ್ತವೋ ಇಲ್ಲವೋ, ನಗುವುದಕ್ಕಂತೂ ಬರ ಬರುವುದಿಲ್ಲ. ಈ ನಗೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ, ಎಲ್ಲವೂ ಬೇಲಿ ದಾಟಿ ತಾವಾಗಿಯೇ ನಮ್ಮ ಮನೆಗೆ ಬಂದವು.

ಎಪ್ಪತ್ತರ ದಶಕದಲ್ಲಿ ನಾನು ಹೊಳಲ್ಕೆರೆಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಮನೆ ಕಟ್ಟಿಸುವಾಗ ಗೋಡೆಯ ಮಣ್ಣಿಗೆಂದು ಹಿತ್ತಲಲ್ಲಿ ತೋಡಿದ ಗುಂಡಿ ಹಾಗೇ ಉಳಿದಿತ್ತು. ಅದರ ಸುತ್ತ ಚಪ್ಪಡಿ ಕಲ್ಲು ಕಟ್ಟಿಸಿ, ಬಾವಿಯ ನೀರು ತುಂಬಿಸಿ, ‘ಹೊಂಡ’ ಎಂದು ಹೆಸರಿಟ್ಟೆ. ನಮ್ಮ ಬೀದಿಯಲ್ಲಿ ಇನ್ಯಾರ ಮನೆಯಲ್ಲೂ ಅಂಥದ್ದಿರಲಿಲ್ಲ. ಹೇಳಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ, ಆ ಹೊಂಡದ ಮುಂದೆ ನಿಂತರೆ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ನಮ್ಮ ಅವ್ವ ಮಾತ್ರ ಅದನ್ನು ಗುಂಡಿ ಎಂದೇ ಕರೆಯುತ್ತಿದ್ದಳು. “ಲೇ, ಆ ಗುಂಡಿ ಮುಚ್ಚಿ ನುಗ್ಗೆ ಹಾಕಾಣ. ಮೀನು ನೋಡ್ತಾ ಕುಂತ್ರೆ ಸಾರಾಗ್ತೈತಾ?” ಎಂದು ದಿನಕ್ಕೊಮ್ಮೆ ಕೇಳುವಳು. ನೆಡುವುದಕ್ಕೆಂದು ಒಂದು ನುಗ್ಗೆ ಕೊಂಬೆಯನ್ನೂ ಯಾರದೋ ಮನೆಯಿಂದ ತಂದು, ಬುಡಕ್ಕೆ ಸಗಣಿ ಮೆತ್ತಿ, ಬಚ್ಚಲ ಮೂಲೆಯ ತಂಪಿನಲ್ಲಿ ಇಟ್ಟಿದ್ದಳು. ಅದು ಒಣಗಿದರೆ ಇನ್ನೊಂದು ತರುವಳು.

ಬಸ್ಸಿನಲ್ಲಿ ಬಂದ ನೆಂಟರು

ಮೊದಲ ಸಲ ಮೀನಿನ ಮರಿ ತಂದದ್ದು ಹಿರಿಯೂರಿನ ಆಚೆ ಮಾರಿಕಣಿವೆ ಅಣೆಕಟ್ಟಿನಿಂದ. ಗೆಂಡೆ ಮರಿಗಳು, ಬೆರಳುದ್ದ. ತಗಡಿನ ಡಬ್ಬಕ್ಕೆ ನೀರು ತುಂಬಿ, ಅದರಲ್ಲಿ ಮರಿ ಬಿಟ್ಟು, ಡಬ್ಬದ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಬಸ್ಸು ಹತ್ತಿದೆ. ನಿಂತ ನೀರಿನಲ್ಲಿ ಮರಿಗಳಿಗೆ ಉಸಿರು ಸಾಲದು. ಆಗಾಗ ಬಟ್ಟೆ ಬಿಚ್ಚಿ, ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಬೇಕು. ನಾನು ಸುರಿಯುತ್ತಿದ್ದೆ, ಪಕ್ಕದವರ ಪಂಚೆ ನೆನೆಯುತ್ತಿತ್ತು.

ಪಕ್ಕದವನು ಬೈಯುತ್ತಾನೆ ಅಂದುಕೊಂಡರೆ, “ನಿಮ್ಮ ಕೈ ನೋಯ್ತೈತೆ, ಕೊಡ್ರಿ ಇಲ್ಲಿ” ಎಂದು ಲೋಟ ಕಿತ್ತುಕೊಂಡ. ಅವನು ಇಳಿಯುವಾಗ ಹಿಂದಿನ ಸೀಟಿನವರಿಗೆ ದಾಟಿಸಿ ಇಳಿದ. ಧರ್ಮಪುರದ ಕಡೆಯ ಮುದುಕಿಯೊಬ್ಬಳು ಸೆರಗಿನ ಕಡಲೆಕಾಯಿ ಬಿಡಿಸಿ, ಅಗಿದು ನುಣ್ಣಗೆ ಮಾಡಿ ಡಬ್ಬದೊಳಗೆ ಹಾಕಲು ಬಂದಳು. “ಬೇಡಮ್ಮಾ, ದಾರೀಲಿ ಅವು ಏನೂ ತಿನ್ನಲ್ಲ” ಎಂದರೆ, “ಅಯ್ಯೋ ಪಾಪ, ನನ್ನಂಗೇ. ಬಸ್ಸಂದ್ರೆ ವಾಂತಿ” ಎಂದು ಕಡಲೆಕಾಯಿಯನ್ನು ತಾನೇ ನುಂಗಿದಳು.

ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಿದೆ. ಹೊಸ ಕಂಡಕ್ಟರು ಡಬ್ಬವನ್ನು ಕಂಡು, “ಕುರಿಗಾದ್ರೆ ಟಿಕೆಟ್ ಐತೆ, ಕೋಳಿಗಾದ್ರೆ ಲಗೇಜ್ ಐತೆ. ಇವಕ್ಕೆ ಏನ್ ಹಾಕ್ಲಿ?” ಎಂದು ದಾರಿಯುದ್ದಕ್ಕೂ ಯೋಚಿಸಿದ. ಆ ಹೊತ್ತಿಗೆ ಬಸ್ಸಿನಲ್ಲಿ ಸೀಟಿಗಾಗಿ ಇಬ್ಬರು ಕಾಲರ್ ಹಿಡಿದುಕೊಂಡರು, ಕಿಟಕಿಗಾಗಿ ಇಬ್ಬರು ಹೆಂಗಸರು ಜಗಳಾಡಿದರು. ಹೊಳಲ್ಕೆರೆಯಲ್ಲಿ ನಾನು ಇಳಿಯುವಾಗ ಕಂಡಕ್ಟರು ಡಬ್ಬಕ್ಕೆ ತಾನೇ ಕೈಕೊಟ್ಟು ಇಳಿಸಿ, “ಟಿಕೆಟ್ ಬ್ಯಾಡ ಬಿಡ್ರಿ. ಇಡೀ ಬಸ್ಸಿನಾಗೆ ಮರ್ಯಾದೆಯಿಂದ ಬಂದವ್ರು ಇವ್ರೇ” ಎಂದ.

ಮಾವನ ಉಡುಗೊರೆ

ನನ್ನ ಮಾವ ಹಿರೇಗುಂಟನೂರಿನ ಕಡೆಯವರು, ಕುರಿ ಸಾಕಿ ಬಾಳಿದ ಮನೆತನ. ಅವರ ಕುರಿಮಂದೆ ಒಂದು ರಾತ್ರಿ ಹೊಲದಲ್ಲಿ ನಿಂತರೆ ಆ ವರ್ಷ ಬೆಳೆ ಕೈಗೆ ಬಂದಂತೆಯೇ ಎಂದು ರೈತರು ಕರೆದು ಕರೆದು ನಿಲ್ಲಿಸಿಕೊಳ್ಳುತ್ತಿದ್ದರು. ಅಳಿಯ ಮೀನು ಸಾಕಿದ್ದಾನೆಂಬ ಸುದ್ದಿ ಕೇಳಿ ಅವರಿಗೂ ಹೆಮ್ಮೆಯಾಯಿತು. ಹೆಮ್ಮೆಯಾದ ಮಾವ ಬರಿಗೈಲಿ ಬರುತ್ತಾರೆಯೇ? ಒಂದು ಗಾಡಿ ಕುರಿಗೊಬ್ಬರ ಹೇರಿಕೊಂಡು ಬಂದರು.

ನಾನು ಆಸ್ಪತ್ರೆಯಲ್ಲಿದ್ದೆ. ಸಂಜೆ ಬಂದು ನೋಡಿದರೆ ಗಾಡಿ ಖಾಲಿ. ಮಾವ ಹೊಂಡದ ಕಟ್ಟೆಯ ಮೇಲೆ ಕಾಲು ಚಾಚಿ ಕುಂತಿದ್ದಾರೆ.

“ಮಾವ, ಗೊಬ್ಬರ ಎಲ್ಲಿ?”

“ಎಲ್ಲಿ ಅಂದ್ರೆ? ಹಾಕ್ಬೇಕಾದ ಕಡೆ ಹಾಕೀನಿ. ಗೊಬ್ಬರ ಕಾಣದೆ ಯಾವ ಬೆಳೆ ಬಂದೈತ್ರಿ ಅಳಿಯಂದ್ರೆ?”

ಎಲೆಅಡಿಕೆ ಹಾಕಿಕೊಂಡು ಊರಿಗೆ ಹೊರಟುಹೋದರು. ನಾನು ಹೊಂಡಕ್ಕೆ ಬುಟ್ಟಿ ಹಾಕಿ ತೆಗೆದದ್ದೇ ತೆಗೆದದ್ದು, ಕರಗಿದ್ದು ಕರಗಿಯೇ ಹೋಗಿತ್ತು. ಗೊಬ್ಬರದ ಸಾರ, ಮೇಲೆ ಚಿತ್ರದುರ್ಗ ಸೀಮೆಯ ಬಿಸಿಲು. ಪಾಚಿಗೆ ಇನ್ನೇನು ಬೇಕು? ವಾರ ಕಳೆಯುವಷ್ಟರಲ್ಲಿ ನೀರು ಬಾಗಿಲಿಗೆ ಬಳಿಯುವ ಹಸಿರು ಬಣ್ಣದಂತಾಯಿತು. ಕೈ ಇಳಿಸಿದರೆ ಬೆರಳು ಕಾಣದು. ಆ ವರ್ಷ ಮಳೆಯೂ ಕೈಕೊಟ್ಟಿತ್ತು, ಬಾವಿಯಲ್ಲಿ ಕುಡಿಯುವಷ್ಟೇ ನೀರು. ಹೊಂಡ ಬರಿದು ಮಾಡಿ ಹೊಸ ನೀರು ತುಂಬುವ ಮಾತೇ ಇರಲಿಲ್ಲ.

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ತೀರ್ಪು ಕೊಟ್ಟಳು: “ದಸರಾದೊಳಗೆ ಈ ನೀರು ತಿಳಿ ಆಗ್ಬೇಕು. ಇಲ್ದಿದ್ರೆ ಗುಂಡಿ ಮುಚ್ಚಿ ನುಗ್ಗೆ ಹಾಕೋದೇ. ಆಮ್ಯಾಲೆ ನನ್ನ ಕೇಳಂಗಿಲ್ಲ.” ಮನೆಯಲ್ಲಿ ಅವ್ವನ ಮಾತೆಂದರೆ ಮಾತು.

ಮಾವ ಮತ್ತೊಮ್ಮೆ ಬಂದಾಗ ಹೊಂಡವನ್ನು ನೋಡಿ ಮೀಸೆ ತಿರುವಿದರು. “ನಾ ಹೇಳ್ಲಿಲ್ಲವಾ? ಎಷ್ಟು ಹಚ್ಚಗೆ ಬಂದೈತೆ ನೋಡ್ರಿ ಪೈರು!”

ಊಟ ಆಗೈತೆ

ಪಾಚಿ ಕಟ್ಟಿದ ನೀರಿನಲ್ಲಿ ಬೆಳಗಿನ ಜಾವ ಮೀನಿಗೆ ಉಸಿರು ಸಾಲುವುದಿಲ್ಲ. ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತವೆ. ನಮ್ಮ ಬಾವಿಯ ನೀರಿಗೆ ಬಂದ ಬೀದಿಯ ಹೆಂಗಸರು ಇದನ್ನು ಕಂಡರು. ನಮ್ಮ ಕಡೆಯ ಜನ ಬಾಯಿ ಬಿಟ್ಟವರನ್ನು ಕಂಡು ಸುಮ್ಮನೆ ಹೋದದ್ದುಂಟೇ? “ಕಾಂಪೌಂಡರು ಮೀನನ್ನ ಉಪವಾಸ ಕೆಡವ್ಯಾರೆ” ಎಂದು ಸುದ್ದಿಯಾಯಿತು. ಒಬ್ಬರು ರಾಗಿಮುದ್ದೆ ಮುರಿದು ಹಾಕಿದರು, ಒಬ್ಬರು ಮಂಡಕ್ಕಿ, ಇನ್ನೊಬ್ಬರು ಹಬ್ಬದ ಹೋಳಿಗೆ.

ಹಾಕಿದ್ದೆಲ್ಲ ಕೊಳೆತರೆ ಪಾಚಿಗೇ ಹಬ್ಬ. “ಅವು ಕೇಳ್ತಿರೋದು ಗಾಳಿ ಕಣ್ರವ್ವ, ಅನ್ನ ಅಲ್ಲ” ಎಂದು ನಾನು ಒಬ್ಬೊಬ್ಬರಿಗೂ ಹೇಳಿದೆ. ಬೆಳಗ್ಗೆ ಎದ್ದು ಹೊಂಡದ ನೀರನ್ನೇ ಕೊಡದಲ್ಲಿ ಎತ್ತಿ ಮೇಲಿಂದ ಧಾರೆಯಾಗಿ ಸುರಿದು ತೋರಿಸಿದೆ. ಮೀನು ಧಾರೆಯ ಸುತ್ತ ಬಂದು ಚುರುಕಾದವು. ಹೆಂಗಸರು, “ಪಾಪ, ನೀರಾದ್ರೂ ಕೊಟ್ರಲ್ಲ” ಎಂದು ಕಣ್ಣೊರೆಸಿಕೊಂಡರು.

ಕೊನೆಗೆ ಒಂದು ಹಲಗೆಗೆ ಬಣ್ಣ ಬಳಿದು, ದಪ್ಪ ಅಕ್ಷರದಲ್ಲಿ ‘ಮೀನುಗಳ ಊಟ ಆಗಿದೆ’ ಎಂದು ಬರೆದು ಬೇಲಿಗೆ ಕಟ್ಟಿದೆ. ಮುದ್ದೆ ನಿಂತಿತು, ಮಂಡಕ್ಕಿ ನಿಂತಿತು. ಎದುರು ಮನೆಯ ಅಜ್ಜ ಹಲಗೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, ಒಳಗೆ ಹೋಗಿ ಒಂದು ಚೆಂಬು ತಂದ.

“ಏನಜ್ಜ ಅದು?”

“ಊಟ ಆಗೈತೆ ಅಂತ ಬರ್ದೀಯಲ್ಲಪ್ಪ. ಮಜ್ಜಿಗೆ ತಂದೀನಿ.”

ಆಷಾಢದ ಚಪ್ಪರ

ಪಾಚಿಯ ಜೀವ ಬಿಸಿಲಿನಲ್ಲಿದೆ. ಬಿಸಿಲು ತಪ್ಪಿಸಿದರೆ ಅದರ ಸೊಕ್ಕು ಇಳಿಯುತ್ತದೆ ಎಂದು ಹೊಂಡದ ಮುಕ್ಕಾಲು ಭಾಗಕ್ಕೆ ತೆಂಗಿನ ಗರಿಯ ಚಪ್ಪರ ಹಾಕಿದೆ. ನಾಲ್ಕು ಕಂಬ, ಮೇಲೆ ಹಚ್ಚ ಹಸಿರು ಗರಿ. ಎಂಥ ಚೆಂದ ಬಂದಿತ್ತೆಂದರೆ ನಾನೇ ಓಣಿಗೆ ಹೋಗಿ ನಿಂತು ನೋಡಿ ಬಂದೆ. ಓಣಿಯಲ್ಲಿ ಹೋಗುವವರೂ ನಿಂತು ನೋಡಿದರು.

ಆಗ ನನ್ನ ತಂಗಿಗೆ ಗಂಡು ಹುಡುಕುತ್ತಿದ್ದೆವು. ಅದು ಆಷಾಢ ಬೇರೆ. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ? ಅದೂ ಮನೆ ಮುಂದೆ ಬಿಟ್ಟು ಹಿತ್ತಲಲ್ಲಿ ಚಪ್ಪರ ಹಾಕಿ? ಸುದ್ದಿ ಹೊಸದುರ್ಗ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲಿದ್ದ ನಮ್ಮ ದೊಡ್ಡಪ್ಪ ಮೊದಲ ಬಸ್ಸಿಗೇ ಬಂದಿಳಿದರು. ಕಂಕುಳಲ್ಲಿ ಸೀರೆ, ರವಿಕೆ ಕಣ, ಮುಖದಲ್ಲಿ ಗಾಬರಿ.

“ಏನಪ್ಪ ಅಂಥ ಅವಸರ? ಹಿರೀಕರಿಗೊಂದು ಮಾತು ಹೇಳ್ಬಾರ್ದಾ? ಹುಡುಗ ಯಾರು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಡುಗೆಮನೆಯಿಂದ ಕೂಗಿದಳು. “ಹುಡುಗನೂ ಇಲ್ಲ, ಹುಡುಗಿನೂ ಇಲ್ಲ. ಮೀನಿಗೆ ಬಿಸಿಲಂತೆ! ಹೆತ್ತವ್ವ ಬಿಸಿಲಾಗೆ ಹಪ್ಪಳ ಒಣಗಿಸ್ತಾಳೆ, ಮೀನಿಗೆ ಚಪ್ಪರ!”

ದೊಡ್ಡಪ್ಪ ಹೊಂಡದ ಹತ್ತಿರ ಹೋಗಿ, ಚಪ್ಪರದ ಕೆಳಗೆ ಬಗ್ಗಿ, ಸಾಲಾಗಿ ಸುತ್ತುತ್ತಿದ್ದ ಗೆಂಡೆಗಳನ್ನು ನೋಡುತ್ತ ನಿಂತರು. ತಂದ ಸೀರೆ ವಾಪಸ್ಸು ಒಯ್ಯಬಾರದೆಂದು ಅವ್ವನಿಗೇ ಕೊಟ್ಟರು. ಕೈಕಾಲು ತೊಳೆದು, ಎಲೆ ಮುಂದೆ ಕುಂತು, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು: “ಮದುವೆ ಮೀನಿಂದೇ ಇರ್ಲಿ, ಬ್ಯಾಡ ಅನ್ನಲ್ಲ. ಊಟಕ್ಕೆ ಬಡಿಸೋದು ಹೆಣ್ಣನ್ನೋ, ಗಂಡನ್ನೋ?”

ಗಣಪನ ಮಣ್ಣು

ಚಪ್ಪರದಿಂದ ಪಾಚಿಯ ಸೊಕ್ಕು ಇಳಿಯಿತು, ಬಣ್ಣ ಮಾತ್ರ ಇಳಿಯಲಿಲ್ಲ. ಮೀನಿಗೆ ತಿನ್ನಲು ಹಾಕುವುದನ್ನು ಕಡಿಮೆ ಮಾಡಿದೆ. ತೇಲುವ ಪಾಚಿಯನ್ನು ದಿನಾ ಬುಟ್ಟಿಯಲ್ಲಿ ಎತ್ತಿ ಬದನೆ ಗಿಡಕ್ಕೆ ಹಾಕಿದೆ. ಪಾಚಿ ಸಾಯಲು ಮೈಲುತುತ್ತದ ವಿಷ ಹಾಕಿ ಎಂದವರಿದ್ದರು. ಅದರಲ್ಲಿ ಲೆಕ್ಕ ತಪ್ಪಿದರೆ ಪಾಚಿಯ ಜೊತೆ ಮೀನೂ ಹೋಗುತ್ತವೆ ಎಂದು ಮುಟ್ಟಲಿಲ್ಲ. ಇಷ್ಟಾದರೂ ನೀರು ಹಸಿರು ಹಸಿರೇ. ಅವ್ವ ಹೊಸ ನುಗ್ಗೆ ಕೊಂಬೆ ತಂದಿಟ್ಟುಕೊಂಡಳು.

ಅಷ್ಟರಲ್ಲಿ ಗಣಪತಿ ಹಬ್ಬ ಬಂತು. ಕೆರೆ ಬಿರುಕು ಬಿಟ್ಟಿತ್ತು, ಗಣಪನನ್ನು ಬಿಡುವುದೆಲ್ಲಿ ಎಂದು ಬೀದಿಯವರಿಗೆಲ್ಲ ಚಿಂತೆ. ಅವ್ವ ಮನೆ ಮನೆಗೆ ಹೋಗಿ, “ನಮ್ಮ ಹಿತ್ತಲಾಗೆ ನೀರೈತೆ, ಎಲ್ರೂ ಅಲ್ಲಿಗೇ ತರ್ರಿ. ದೊಡ್ಡ ಗಣಪ ಇದ್ರೆ ಇನ್ನೂ ಚಲೋ” ಎಂದು ಕರೆದು ಬಂದಳು. ಅವ್ವನಿಗೆ ಇದ್ದಕ್ಕಿದ್ದಂತೆ ಹೊಂಡದ ಮೇಲೆ ಪ್ರೀತಿ ಬಂತೆಂದು ನಾನು ಹಿಗ್ಗಿದೆ. ನನ್ನ ಹೆಂಡತಿ ಕಿವಿಯಲ್ಲಿ ಹೇಳಿದಳು: “ಹಿಗ್ಗಬ್ಯಾಡ್ರಿ. ಅತ್ತೆ ಬೀದಿ ಮಣ್ಣೆಲ್ಲ ತರಿಸಿ ಹೊಂಡಾನ ಬಿಟ್ಟಿ ಮುಚ್ಚಿಸ್ತಾ ಅವ್ರೆ.”

ದೇವರನ್ನು ಬೇಡ ಎನ್ನಲಾದೀತೆ? ಜಾಗಟೆ ಬಡಿಯುತ್ತ ಬಂದರು, ಒಬ್ಬರ ಹಿಂದೊಬ್ಬರು. ನಾನು ಕಟ್ಟೆಯ ಮೇಲೆ ನಿಂತು ಹೂವು, ಗರಿಕೆ, ಬಾಳೆಎಲೆ ಎಲ್ಲ ತೆಗೆಸಿ, ಬಣ್ಣ ಬಳಿದ ಗಣಪನನ್ನು ಕೈಮುಗಿದು ವಾಪಸ್ಸು ಕಳಿಸಿ, ಬರಿ ಜೇಡಿಮಣ್ಣಿನ ಗಣಪಗಳನ್ನಷ್ಟೇ ಮೆಲ್ಲಗೆ ಇಳಿಸಿದೆ. ಕತ್ತಲಾಗುವುದರೊಳಗೆ ಹೊಂಡ ಮಣ್ಣಿನ ಗಂಜಿಯಾಯಿತು. ಒಂದು ಮೀನೂ ಕಾಣಲಿಲ್ಲ. ನನಗೆ ಅಳು ಬಂತು. ಅವ್ವ ಮಾತ್ರ ಬಹಳ ಭಕ್ತಿಯಿಂದ ಮಂಗಳಾರತಿ ಎತ್ತಿದಳು.

ಎರಡು ಮೂರು ದಿನ ನಾನು ಹಿತ್ತಲ ಕಡೆ ತಲೆ ಹಾಕಲಿಲ್ಲ. ಆಮೇಲೊಂದು ಬೆಳಗ್ಗೆ, ಗುಂಡಿ ಎಷ್ಟು ತುಂಬಿದೆ ನೋಡೋಣವೆಂದು ಅವ್ವ ನುಗ್ಗೆ ಕೊಂಬೆ ಹಿಡಿದೇ ಹೋದಳು. ಹೋದವಳು ಕಿರುಚಿಕೊಂಡಳು. “ಲೇ! ಬಾರೋ ಬೇಗ!”

ಮೀನು ಸತ್ತವೆಂದೇ ಓಡಿದೆ. ನೋಡಿದರೆ ನೀರು ಕನ್ನಡಿ! ಜೇಡಿಮಣ್ಣು ಕರಗಿ ತಳಕ್ಕೆ ಇಳಿಯುವಾಗ ಪಾಚಿಯನ್ನೂ ಮೆತ್ತಿಕೊಂಡು ಇಳಿದಿತ್ತು. ತಳದಲ್ಲಿ ಕರಗದೆ ಉಳಿದ ಒಂದು ಗಣಪನ ಹೊಟ್ಟೆ. ಅದರ ಸುತ್ತ ನನ್ನ ಗೆಂಡೆಗಳು ಪ್ರದಕ್ಷಿಣೆ ಹಾಕುತ್ತಿದ್ದವು. ಅವ್ವ ಬಗ್ಗಿ ನೀರು ನೋಡುತ್ತ, “ನನ್ನ ಮೂಗುಬೊಟ್ಟು ಕಾಣ್ತೈತಲ್ಲೋ” ಎಂದಳು. ಕೈಲಿದ್ದ ಕೊಂಬೆಯನ್ನು ಒಂದು ಸಲ ನೋಡಿ, ಹೊಂಡದ ಪಕ್ಕದಲ್ಲೇ ನೆಟ್ಟು ಮಣ್ಣು ತುಳಿದಳು. “ಗರಿ ಎಷ್ಟು ದಿನ ಬಂದೀತು? ಅವಕ್ಕೂ ನೆಳ್ಳು ಬೇಕಲ್ಲ.” ಅಂದು ನನಗಾದ ಸಂತೋಷ ಬಡ್ತಿ ಬಂದಾಗಲೂ ಆಗಲಿಲ್ಲ.

ದಸರಾಕ್ಕೆ ಮಾವ ಬಂದರು. ಹಿತ್ತಲಿಗೆ ಹೋಗಿ ನೀರು ನೋಡಿದವರೇ ತಲೆಯ ಮೇಲೆ ಕೈಹೊತ್ತರು. “ಅಯ್ಯೋ ಅಳಿಯಂದ್ರೆ, ಪೈರೆಲ್ಲ ಒಣಗಿ ಹೋಯ್ತಲ್ರಿ! ಇರ್ಲಿ, ಹೆದರಬ್ಯಾಡ್ರಿ, ಗಾಡಿ ತುಂಬ ತಂದೀನಿ” ಎಂದು ಗೊಬ್ಬರದ ಬುಟ್ಟಿ ಹೊತ್ತು ಬಂದೇಬಿಟ್ಟರು.

ನಾನು ಓಡುವಷ್ಟರಲ್ಲಿ ಅವ್ವ ದೊಡ್ಡಪ್ಪ ತಂದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪೊರಕೆ ಅಡ್ಡ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. “ಬೀಗ್ರೇ! ಅಲ್ಲೇ ನಿಂತ್ಕಳ್ರಿ. ನಮ್ಮ ಹೊಂಡದ ತಂಟೆಗೆ ಬಂದ್ರೆ ನೆಟ್ಟಗಿರಲ್ಲ. ಗೊಬ್ಬರ ನುಗ್ಗೆಗೆ ಹಾಕ್ರಿ.”

ಅವ್ವನ ಬಾಯಲ್ಲಿ ಮೊದಲ ಸಲ ‘ಹೊಂಡ’ ಎಂಬ ಮಾತು ಕೇಳಿ ನನ್ನ ಎದೆ ಇನ್ನೊಂದು ಗೇಣು ಉಬ್ಬಿತು. ಮಾವ ಬುಟ್ಟಿ ಇಳಿಸಿ, ಪೆಚ್ಚಾಗಿ ಕೇಳಿದರು: “ಹಂಗಾದ್ರೆ ಬೀಗಿತ್ತಿ, ಈ ಮೀನಿಗೆ ನೀವು ಏನು ಹಾಕ್ತೀರಿ?”

ಅವ್ವ ಪೊರಕೆ ಕೆಳಗಿಳಿಸದೆ ಹೇಳಿದಳು: “ವರ್ಷಕ್ಕೊಂದ್ಸಲ ಗಣಪನ್ನ ಹಾಕ್ತೀವಿ. ಮ್ಯಾಲೆ ಒಂದ್ ಚೆಂಬು ಮಜ್ಜಿಗೆ.”