ಅಮ್ಮನ ಮಾತ್ರೆಯ ಹಾಜರಿ

ದೊಡ್ಡ ಕಾಯಿಲೆ ಬಂದುಹೋದ ಮನೆಯಲ್ಲಿ ನಗುವಂಥದ್ದೇನೂ ನಡೆಯುವುದಿಲ್ಲವೆಂದು ಹೊರಗಿನವರು ನಂಬಿದ್ದಾರೆ. ನಮ್ಮ ಮನೆಯಲ್ಲಿ ಅದು ವಾರಕ್ಕೊಂದು ಸಲವಾದರೂ ನಡೆಯುತ್ತದೆ. ಪ್ರತಿ ಸಲವೂ ಅದರ ಮೂಲದಲ್ಲಿ ಒಂದೇ ವಸ್ತುವಿರುತ್ತದೆ: ತೊಗರಿಕಾಳಿಗಿಂತ ತುಸು ದೊಡ್ಡದಾದ ಒಂದು ಹಳದಿ ಮಾತ್ರೆ.

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಮೂರೂ ಮುಗಿದ ಮೇಲೆ ಶಿವಮೊಗ್ಗದ ಡಾಕ್ಟರು ಈ ಹಾರ್ಮೋನ್ ಮಾತ್ರೆ ಬರೆದುಕೊಟ್ಟು, "ದಿನಕ್ಕೊಂದು, ಐದು ವರ್ಷ. ಬಿಡಬಾರದು" ಎಂದರು. ಕಾಯಿಲೆ ಮರಳದಂತೆ ತಡೆಯುವುದು ಮಾತ್ರೆಯ ಕೆಲಸ. ಮೈಗೆ ಶೆಖೆ ಹಚ್ಚುವುದು, ಕೀಲು ಹಿಡಿಸುವುದು ಅದರ ಹವ್ಯಾಸ.

ಅಮ್ಮ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಇನ್ನೂ ಕರೆಯದಿರುವ ನೇಮಕಾತಿಗೆ ಎರಡು ವರ್ಷದಿಂದ ಸಿದ್ಧವಾಗಿರುವ ಮಗಳು. ಆದ್ದರಿಂದ ಮಾತ್ರೆಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಓದಿಗೆ ತಕ್ಕ ಕೆಲಸವೆಂದು ಈವರೆಗೆ ನನಗೆ ಸಿಕ್ಕಿರುವುದು ಇದೊಂದೇ.

ಕಿಟಕಿ

ಜನವರಿಯ ಬೆಳಿಗ್ಗೆ. ಸಾಗರದಲ್ಲಿ ಮದುವೆ. ಬಸ್ಸಿನ ಗಾಜುಗಳೆಲ್ಲ ಮಂಜಿನಿಂದ ಬೆಳ್ಳಗಾಗಿದ್ದವು. ಹೊಸನಗರ ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಅಮ್ಮನಿಗೆ ಶೆಖೆ ಏರಿತು. ಅದು ಎದೆಯಿಂದ ಹೊರಟು, ಕುತ್ತಿಗೆ ಹತ್ತಿ, ಕಿವಿಯ ತುದಿಯನ್ನು ಕೆಂಪು ಮಾಡಿ, ಎರಡು ನಿಮಿಷ ಬೆವರು ಸುರಿಸಿ ಇಳಿಯುತ್ತದೆ. ಇಳಿದ ಮೇಲೆ ನಡುಕ. ಅಮ್ಮ ಗಾಜು ಸರಿಸಿದಳು.

ಹಿಂದಿನ ಸೀಟಿನಲ್ಲಿ ಮಂಕಿ ಕ್ಯಾಪಿನ ಮೇಲೆ ಮಫ್ಲರ್ ಸುತ್ತಿಕೊಂಡ ಒಬ್ಬರಿದ್ದರು. "ಅಮ್ಮಾ, ಗ್ಲಾಸ್ ಹಾಕಿ. ಕಿವಿ ಬಿದ್ದೋಯ್ತು."

ಅಮ್ಮ ಹಾಕಿದಳು. ಐದು ನಿಮಿಷಕ್ಕೆ ಮತ್ತೆ ತೆರೆದಳು. ಅವರು ಕೈ ಚಾಚಿ ತಾವೇ ಮುಚ್ಚಿದರು. ಮೂರನೆಯ ಸಲ ಕಂಡಕ್ಟರು ನಮ್ಮ ಬಳಿಗೆ ಬಂದರು.

ನಾನು ವಿವರಿಸಲು ತೊಡಗಿದೆ. "ದೇಹದಲ್ಲಿ ಈಸ್ಟ್ರೋಜೆನ್ ಪ್ರಮಾಣ ಇಳಿದಾಗ ಮೆದುಳಿನಲ್ಲಿ ಉಷ್ಣತೆಯನ್ನು ನಿಯಂತ್ರಿಸುವ ಭಾಗವು..."

"ಗೊತ್ತಾಯ್ತು ಬಿಡಿ ಮೇಡಂ," ಎಂದರು ಕಂಡಕ್ಟರು. "ನಮ್ಮನೇಲೂ ಇದೆ. ಇಂಥಾ ಚಳೀಲೂ ಫ್ಯಾನ್ ಬೇಕು. ನಾನು ಕಂಬಳಿ ತಗಂಡು ಅಡುಗೆಮನೆ ಸೇರ್ಕಂಡಿದೀನಿ." ಆಮೇಲೆ ಬಸ್ಸಿನ ನಡುವೆ ನಿಂತು, ನಿಲ್ದಾಣದ ಹೆಸರು ಕೂಗುವ ದನಿಯಲ್ಲಿಯೇ ಹೇಳಿದರು: "ಚಳಿ ಅನ್ನೋರು ಈ ಕಡೆ ಬನ್ನಿ. ಶೆಖೆ ಆಗೋ ಹೆಂಗಸ್ರು ಕಿಟಕಿಗೆ ಹೋಗಿ."

ಐವತ್ತರ ಆಸುಪಾಸಿನ ಆರು ಹೆಂಗಸರು ಎದ್ದುನಿಂತರು. ಅವರಲ್ಲಿ ಯಾರಿಗೂ ಕ್ಯಾನ್ಸರ್ ಬಂದಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದವರು ಮಫ್ಲರಿನವರ ಹೆಂಡತಿ.

"ಸ್ವಲ್ಪ ಸರೀರಿ," ಎಂದು ಅವರು ಗಂಡನಿಗೆ ಹೇಳಿದರು. "ಆಗಿಂದ ಕಾಯ್ತಾ ಇದೀನಿ, ಯಾರಾದ್ರೂ ಹೇಳ್ಲಿ ಅಂತ."

ಹೆಸರು ಹೇಳದ ಬೇರು

ಮೇಳಿಗೆಯಲ್ಲಿರುವ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಮಾತ್ರೆಯ ವಿಷಯದಲ್ಲಿ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಅದು ಉಷ್ಣ ಕಣೇ. ಬಿಟ್ಹಾಕು."

ಆ ಹೊತ್ತಿಗೆ ಅಮ್ಮನ ಮಂಡಿ, ಬೆರಳಿನ ಕೀಲುಗಳು ಹಿಡಿಯತೊಡಗಿದ್ದವು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ದೊಡ್ಡಮ್ಮ ನಮ್ಮಿಬ್ಬರನ್ನೂ ಕವಲೇದುರ್ಗದ ಕೆಳಗಿರುವ ನಾಟಿ ವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ಅಮ್ಮನ ನಾಡಿ ಹಿಡಿದು, ಕಣ್ಣು ಮುಚ್ಚಿ, ಬಾಳೆಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ಕೊಟ್ಟರು. ನಲವತ್ತೆಂಟು ದಿನ ಪಥ್ಯ. ಬದನೆ ಇಲ್ಲ, ಹುಳಿ ಇಲ್ಲ, ಇಂಗ್ಲಿಷ್ ಮಾತ್ರೆ ಇಲ್ಲ.

"ಇದರಲ್ಲಿ ಏನಿದೆ?" ಎಂದು ಕೇಳಿದೆ.

"ಬೇರು."

"ಯಾವುದರ ಬೇರು?"

"ಹೆಸರು ಹೇಳಿದ್ರೆ ಬೇರಿನ ಶಕ್ತಿ ಹೋಗುತ್ತೆ ಮಗಾ."

ಇದು ನಮ್ಮ ಕಡೆ ಎಲ್ಲರೂ ನಂಬುವ ಮಾತು. ಔಷಧಿ ಕೊಟ್ಟವನು ಹೆಸರು ಹೇಳಬಾರದು, ತೆಗೆದುಕೊಂಡವನು ಕೇಳಬಾರದು. ನಾನು ಕೇಳಿದ್ದೇ ಅಪರಾಧವಾಗಿತ್ತು. ಅದರ ಮೇಲೆ, ಅಂಶ ಗೊತ್ತಿಲ್ಲದ ವಸ್ತುವನ್ನು ಅಮ್ಮನಿಗೆ ಕೊಡಲಾಗದು, ಮಾತ್ರೆ ನಿಲ್ಲಿಸಲಂತೂ ಆಗದು ಎಂದೆ.

"ಇವಳನ್ನ ಅಷ್ಟು ಓದಿಸ್ಬೇಡ ಅಂದಿದ್ದೆ," ಎಂದರು ದೊಡ್ಡಮ್ಮ.

ಅಮ್ಮ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳಿಗೆ ಅದು ಬೇಕಾಗಿತ್ತೆಂದು ನನಗೆ ಕಾಣುತ್ತಿತ್ತು.

ನಾವು ಹೊರಟಾಗ ವೈದ್ಯರು ಬೀಳ್ಕೊಡಲು ಎದ್ದರು. ಏಳುವುದಕ್ಕೆ ಅವರಿಗೆ ಕಂಬ ಬೇಕಾಯಿತು. ಅರ್ಧ ಎದ್ದು, ನರಳಿ, ಮಂಡಿಯನ್ನು ಒತ್ತಿಕೊಂಡು, ದೊಡ್ಡಮ್ಮ ಅಂಗಳಕ್ಕಿಳಿಯುವವರೆಗೆ ಕಾದರು. ಆಮೇಲೆ ದನಿ ತಗ್ಗಿಸಿ ಅಮ್ಮನನ್ನು ಕೇಳಿದರು: "ನಿಮ್ಗೆ ಆಸ್ಪತ್ರೇಲಿ ಕೀಲುನೋವಿಗೆ ಅಂತ ಒಂದು ಗುಳಿಗೆ ಕೊಟ್ಟಿರ್ತಾರಲ್ಲ, ಅದರ ಹೆಸರೇನು?"

ಅಮ್ಮ ಪೊಟ್ಟಣವನ್ನು ಮರಳಿ ಅವರ ಕೈಗಿಟ್ಟಳು.

"ಹೆಸರು ಹೇಳಿದ್ರೆ ಶಕ್ತಿ ಹೋಗುತ್ತಲ್ಲ," ಎಂದಳು.

ಒಂದೆಲಗ

ಕೀಮೋ ಮತ್ತು ಮಾತ್ರೆಯಿಂದಾಗಿ ಅಮ್ಮನಿಗೆ ಆಗಾಗ ಮರೆವು. ಒಮ್ಮೆ ಉಪ್ಪು ಕೊಡು ಎನ್ನುವ ಬದಲು ಚಾಕ್‌ಪೀಸ್ ಕೊಡು ಎಂದಳು. ದೊಡ್ಡಮ್ಮ ಮಾರನೆಯ ದಿನವೇ ಒಂದು ಕಟ್ಟು ಒಂದೆಲಗದ ಸೊಪ್ಪು ತಂದರು. "ತಂಬುಳಿ ಮಾಡ್ಕಂಡು ತಿನ್ನು. ಮರೆವು ಹೋಗುತ್ತೆ. ಇದನ್ನ ನಿನಗೆ ಹೇಳೋದೇ ಮರ್ತಿದ್ದೆ."

ಮುಂದಿನ ವಾರ ಇನ್ನೊಂದು ಕಟ್ಟು ತಂದರು. "ಇದನ್ನ ನಿನಗೆ ಹೇಳೋದೇ ಮರ್ತಿದ್ದೆ ಕಣೇ." ಅದರ ಮುಂದಿನ ವಾರ ಮೂರನೆಯದು, ಅದೇ ಮಾತಿನೊಂದಿಗೆ. ಅಮ್ಮ ಮೂರನ್ನೂ ಹೊಸದೆಂಬಂತೆ ತೆಗೆದುಕೊಂಡಳು.

"ನೀನು ತಿಂತೀಯಾ ಅಕ್ಕಾ?"

"ನನಗ್ಯಾಕೆ? ನನಗೇನಾಗಿದೆ?" ಎಂದು ದೊಡ್ಡಮ್ಮ ಬಸ್ಸಿಗೆ ಹೊರಟರು. ಹತ್ತು ನಿಮಿಷದಲ್ಲಿ, ಬಿಟ್ಟುಹೋದ ಕೊಡೆಗಾಗಿ ಹಿಂದಿರುಗಿದರು.

ಅಮ್ಮ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅರ್ಧ ಕಟ್ಟು ಒಂದೆಲಗ.

ಮುಂಗಡ ಹಾಜರಿ

ಮಾತ್ರೆ ತಪ್ಪದಿರಲೆಂದು ನಾನು ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೆ. ನುಂಗಿದ ಮೇಲೆ ಆ ದಿನದ ಮನೆಯಲ್ಲಿ ಗುರುತು ಹಾಕಬೇಕು. ಅಮ್ಮ ಶಾಲೆಯ ರೂಢಿಯಂತೆ ಕೆಂಪು ಪೆನ್ನಿನಲ್ಲಿ 'ಹಾ' ಎಂದು ಬರೆಯುತ್ತಿದ್ದಳು. ಹಾಜರಿಯ 'ಹಾ'. ಅಮ್ಮನ ಅಕ್ಷರಕ್ಕೆ ತಾಲ್ಲೂಕಿನಲ್ಲಿಯೇ ಹೆಸರಿದೆ. ಆ ಅಕ್ಷರ ತಿಂಗಳಿಂದ ತಿಂಗಳಿಗೆ ಸೊಟ್ಟಗಾಗುತ್ತಿತ್ತು. ನಾನು ಅದನ್ನು ನೋಡಿದೆ, ಆದರೆ ಓದಲಿಲ್ಲ.

ಒಂದು ಮಂಗಳವಾರ ನೋಡಿದರೆ, ಬುಧವಾರ, ಗುರುವಾರ, ಶುಕ್ರವಾರಗಳ ಮನೆಯಲ್ಲಿಯೂ 'ಹಾ' ಇತ್ತು.

"ಅಮ್ಮಾ, ಶುಕ್ರವಾರ ಇನ್ನೂ ಬಂದಿಲ್ಲ."

"ಹೂಂ."

"ಶುಕ್ರವಾರದ ಮಾತ್ರೆ ಯಾವಾಗ ನುಂಗಿದೆ?"

ಅಮ್ಮ ಸೌಟು ಕೆಳಗಿಟ್ಟಳು. "ಹಿಂದೆಲ್ಲ ಶಾಲೆ ತಪಾಸಣೆಗೆ ಸಾಹೇಬ್ರು ಬರ್ತಾರೆ ಅಂದ್ರೆ ಹೀಗೇ ಹಾಕಿಟ್ಕೊಳ್ತಿದ್ವಿ ಕಣೇ."

"ನಮ್ಮ ಅಡುಗೆಮನೆಗೆ ಬರುವ ಸಾಹೇಬರು ಯಾರು?"

"ನೀನು."

ಹಳೆಯ ಚಾಕ್‌ಪೀಸಿನ ಡಬ್ಬಿಯಲ್ಲಿ ನುಂಗದೆ ಉಳಿಸಿದ ಹತ್ತೊಂಬತ್ತು ಮಾತ್ರೆಗಳಿದ್ದವು. ಪ್ರಯೋಗಾಲಯದಲ್ಲಿ ಮಿಲಿಗ್ರಾಂ ಅಳೆದವಳು ನಾನು. ಗೋಡೆಯ ಮೇಲಿನ ಅಕ್ಷರವನ್ನು ನಂಬಿ ಮಾತ್ರೆಗಳನ್ನು ಒಮ್ಮೆಯೂ ಎಣಿಸಿರಲಿಲ್ಲ. ಅಮ್ಮನ ಮೇಲೆ ಕೂಗಾಡಿದೆ. ನನ್ನ ಮೇಲೆ ಕೂಗಾಡಲು ಬೇರೆ ಯಾರೂ ಇರಲಿಲ್ಲ.

ಅಮ್ಮ ಬೆರಳುಗಳನ್ನು ಮುಂದೆ ಚಾಚಿದಳು. ಅರ್ಧಕ್ಕೆ ಬಾಗಿ ಅಲ್ಲಿಯೇ ನಿಂತವು. "ಚಾಕ್‌ಪೀಸ್ ಹಿಡಿಯೋಕಾಗಲ್ಲ. ನಾನು 'ಅ' ಬರೆದ್ರೆ ಒಂದನೇ ಕ್ಲಾಸಿನವು, ಬಾತುಕೋಳಿ ಬರೆದ್ರಾ ಟೀಚರ್ ಅಂತವೆ. ನುಂಗಿದ್ರೆ ಜೀವ ಉಳಿಯುತ್ತೆ, ಬಿಟ್ರೆ ಕೈ ಉಳಿಯುತ್ತೆ. ಎರಡೂ ಬೇಕು ಅಂತ ಯಾರನ್ನ ಕೇಳ್ಲಿ?"

ಕೇಳಬೇಕಾದವರನ್ನು ಕೇಳಲು ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಸಮಾಧಾನದ ಹೆಂಗಸು. "ಪ್ರತಿ ಸಲ ಕೇಳಿದೀನಲ್ಲ, ಏನಾದ್ರೂ ತೊಂದ್ರೆ ಇದೆಯಾ ಅಂತ. ಇಲ್ಲ ಅಂದ್ರಿ."

"ಹೊರಗೆ ಅಷ್ಟು ಜನ ಕಾಯ್ತಾ ಇದ್ರು ಮೇಡಂ. ನಂದೊಂದು ಯಾಕೆ ಅಂತ."

"ಹೇಳಿದ್ರೆ ಮಾತ್ರೆ ಬದಲಾಯಿಸ್ತಿದ್ದೆ. ಇದೇ ಜಾತಿಯಲ್ಲಿ ಬೇರೆ ಇದಾವೆ. ಒಂದು ಒಗ್ಗದಿದ್ರೆ ಇನ್ನೊಂದು ಒಗ್ಗಬಹುದು." ಬೇರೆ ಮಾತ್ರೆ ಬರೆದರು. ಬೆರಳಿಗೆ ವ್ಯಾಯಾಮ ತೋರಿಸಿದರು. ದಿನವೂ ನಡೆಯಬೇಕು, ಕ್ಯಾಲ್ಸಿಯಂ ತಪ್ಪಿಸಬಾರದು, ನೋವು ಇಳಿಯದಿದ್ದರೆ ಬಂದು ಹೇಳಬೇಕು, ತಾವಾಗಿ ನಿಲ್ಲಿಸಬಾರದು ಎಂದರು. ಕೊನೆಗೆ ಕೇಳಿದರು: "ಮಾತ್ರೆ ನೋಡ್ಕೊಳ್ಳೋಕೆ ಮನೇಲಿ ಯಾರಿದ್ದಾರೆ?"

"ಇವಳಿದ್ದಾಳೆ. ಎಂ.ಎಸ್ಸಿ. ಮಾಡಿದಾಳೆ," ಎಂದಳು ಅಮ್ಮ.

ಡಾಕ್ಟರು ನನ್ನನ್ನು ನೋಡಿದರು, ಸಾಕ್ಷಿಗೆಂದು ನಾನು ಹೊತ್ತು ತಂದಿದ್ದ ಕ್ಯಾಲೆಂಡರಿನ ಶುಕ್ರವಾರವನ್ನು ನೋಡಿದರು.

"ಬೇರೆ ಯಾರಾದ್ರೂ ಇದಾರಾ?" ಎಂದರು.

ಇಪ್ಪತ್ಮೂರನೇ ನಂಬರು

ಇದ್ದರು. ಇಪ್ಪತ್ತೆರಡು ಜನ.

ಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ಮಕ್ಕಳು ಅದನ್ನು ಉಗಿಯುವುದರಲ್ಲಿ ಪ್ರವೀಣರು. ಆದ್ದರಿಂದ ಅಮ್ಮನದು ಹಳೆಯ ನಿಯಮ: ಎದುರಿಗೇ ನುಂಗಬೇಕು, ಬಾಯಿ ತೆರೆಯಬೇಕು, ನಾಲಿಗೆ ಎತ್ತಿ ತೋರಿಸಬೇಕು. ಅಮ್ಮ ತನ್ನ ಮಾತ್ರೆಯ ಹೊತ್ತನ್ನು ಬೆಳಗಿನ ಪ್ರಾರ್ಥನೆಯ ನಂತರಕ್ಕೆ ಬದಲಾಯಿಸಿ, ಮಕ್ಕಳಿಗೆ ಹೇಳಿದಳು: "ಇದು ನನ್ನ ಗುಳಿಗೆ. ನಾನು ತಪ್ಪಿಸದ ಹಾಗೆ ನೀವು ನೋಡ್ಕೋಬೇಕು."

ಅಷ್ಟು ವರ್ಷ ನಾಲಿಗೆ ಎತ್ತಿದವರು ಅಧಿಕಾರವನ್ನು ಪೂರ್ತಿಯಾಗಿ ವಹಿಸಿಕೊಂಡರು. "ಟೀಚರ್, ನಾಲಿಗೆ ಎತ್ತಿ. ಇನ್ನೂ ಎತ್ತಿ." ಒಂದು ನೋಟ್‌ಬುಕ್ಕಿಗೆ ಕಂದು ಕಾಗದದ ಹೊದಿಕೆ ಹಾಕಿ, ತಮ್ಮ ಇಪ್ಪತ್ತೆರಡು ಹೆಸರುಗಳನ್ನು ಬರೆದು, ಇಪ್ಪತ್ಮೂರನೆಯದಾಗಿ ಅಮ್ಮನ ಹೆಸರನ್ನು ಸೇರಿಸಿದರು. ಟೀಚರ್ ಎಂದು ಬರೆಯಲಿಲ್ಲ. ಹಾಜರಿಯಲ್ಲಿ ಬರೀ ಹೆಸರಿರಬೇಕೆಂದು ಕಲಿಸಿದವಳು ಅಮ್ಮನೇ. ಭಾನುವಾರದ, ಹಬ್ಬದ ರಜೆಯ ವರದಿಯನ್ನು ಶಾಲೆ ತೆರೆದ ದಿನ ನಾನು ಕಳುಹಿಸಬೇಕಾಗಿತ್ತು, ನಾಲಿಗೆಯ ಫೋಟೋ ಸಹಿತ.

ಒಮ್ಮೆ ಅಮ್ಮ ಪರೀಕ್ಷಿಸಲೆಂದು, "ನಾಳೆದೂ ಇವತ್ತೇ ಹಾಕಿಬಿಡ್ಲಾ?" ಎಂದಳಂತೆ.

"ಹಂಗೆಲ್ಲ ಹಾಕಂಗಿಲ್ಲ ಟೀಚರ್. ಅದು ಮೋಸ."

ಶೆಖೆ ನಿಲ್ಲಲಿಲ್ಲ. ಮಂಡಿ ನೋವು ಪೂರ್ತಿ ಹೋಗಲಿಲ್ಲ. ಆದರೆ ಮೂರನೆಯ ತಿಂಗಳಿಗೆ ಬೋರ್ಡಿನ ಮೇಲಿನ ಬಾತುಕೋಳಿ ಮತ್ತೆ 'ಅ' ಆಯಿತು.

ಆಗಲೇ ಸಾಹೇಬರು ಬಂದರು, ಈ ಸಲ ನಿಜವಾದವರು. ಅಮ್ಮ ಮರೆತ ಕನ್ನಡಕ ಕೊಡಲು ಹೋಗಿದ್ದ ನಾನು ಬಾಗಿಲಲ್ಲಿದ್ದೆ. ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಅಮ್ಮ ಗಡಿಬಿಡಿಯಲ್ಲಿ ಮಾತ್ರೆ ನುಂಗಿ, ಶೆಖೆ ಏರಿ, ಕುರ್ಚಿಯಲ್ಲಿ ಕೂತು ನಲಿ-ಕಲಿ ಕಾರ್ಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಸಾಹೇಬರು ನೇರವಾಗಿ ಮೇಜಿಗೆ ಬಂದು ಕಂದು ಹೊದಿಕೆಯ ಪುಸ್ತಕವನ್ನು ಹಾಜರಿ ಪುಸ್ತಕವೆಂದೇ ತೆರೆದರು.

"ಭೇಷ್," ಎಂದರು. "ಈ ಇಪ್ಪತ್ಮೂರನೇ ನಂಬರ್ ನೋಡಿ. ಮೂರು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ." ಪುಟ ತಿರುವಿದರು. "ಭಾನುವಾರವೂ ಬಂದಿದಾಳಲ್ಲ." ಮತ್ತೆ ತಿರುವಿದರು. "ದೀಪಾವಳಿಗೂ ಬಂದಿದಾಳೆ. ಎಲ್ಲಿ, ಎದ್ದು ನಿಲ್ಲಮ್ಮಾ."

ಅಮ್ಮ ಮೇಜು ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ನಿಧಾನವಾಗಿ ಎದ್ದಳು.

"ಹಾಜರ್ ಸಾರ್."

ಬೆವರಿಳಿಯುವ ಕೆಂಪು ಮುಖ ನೋಡಿ ಸಾಹೇಬರು ತಾವೇ ಗಾಬರಿಯಾದರು. "ಹೆದರ್ಬೇಡಿ ಮೇಡಂ, ಕೂತ್ಕೊಳ್ಳಿ. ಆದ್ರೆ ಇವತ್ತಿನ ಮನೆ ಖಾಲಿ ಇದೆಯಲ್ಲ?"

ಉತ್ತರ ಮಕ್ಕಳಿಂದ ಬಂತು. "ಇವತ್ತು ನುಂಗಿದ್ದು ನಾವಿನ್ನೂ ನೋಡಿಲ್ಲ ಸಾರ್. ನೀವು ಬಂದ್ರಲ್ಲ, ಅದಕ್ಕೆ."

ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಸಾಹೇಬರ ಎದುರು ಬಾಯಿ ಅಗಲಿಸಿ, ನಾಲಿಗೆ ಎತ್ತಿದಳು. ಅವರು ಏನೂ ಅರ್ಥವಾಗದೆ, ಆದರೆ ಕರ್ತವ್ಯ ಬಿಡದೆ, ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ಪರಿಶೀಲಿಸಿದರು.

"ಏನೂ ಇಲ್ಲ," ಎಂದರು.

"ಎಡಗಡೆ ಕೆನ್ನೇಲೂ ನೋಡಿ ಸಾರ್," ಎಂದಿತು ಇಡೀ ತರಗತಿ. "ನಾವೆಲ್ಲ ಅಲ್ಲೇ ಇಟ್ಕಳೋದು."