ದೆಹಲಿಗೆ ತೋರಿಸಲು ಒಬ್ಬ ಅನಕ್ಷರಸ್ಥ

ವಾಚ್‌ಮನ್ ತನ್ನ ಮಗಳ ಮದುವೆಯನ್ನು ಬೇರೆ ಯಾವ ಭಾನುವಾರ ಇಟ್ಟುಕೊಂಡಿದ್ದರೂ ಸತ್ಯಪ್ರಕಾಶ ಉಂಡು ಹಾಯಾಗಿ ಮಲಗುತ್ತಿದ್ದ. ಅವನ ಹೆಂಡತಿ ತಾರಾ, ಗುಜರಾತಿನ ಅಡಾಜಣ್‌ನ ಅವರ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಸಾಕ್ಷರತಾ ತರಗತಿ ನಡೆಸುತ್ತಿದ್ದಳು. ವಿದ್ಯಾರ್ಥಿಗಳೆಂದರೆ ಆ ವಾಚ್‌ಮನ್ ಮತ್ತು ಮನೆಗೆಲಸದ ಹೆಂಗಸರು. ಎಲ್ಲರೂ ಮದುವೆಗೆ ಹೋಗಿಬಿಟ್ಟಿದ್ದರು. ತರಗತಿ ನಿಜವಾಗಿಯೂ ನಡೆಯುತ್ತಿದೆಯೇ ಎಂದು ನೋಡಲು ದೆಹಲಿಯ ಅಧಿಕಾರಿ ಬರುವುದೂ ಅಂದೇ.

ಸ್ಲೇಟು, ಪುಸ್ತಕ ಕೊಟ್ಟದ್ದು ಕೇಂದ್ರ ಸರ್ಕಾರ. ಕಲಿತವರನ್ನು ತೋರಿಸಿ ಎಂದು ಕೇಳುವುದೂ ಅದೇ. ತೋರಿಸಲು ಒಬ್ಬರೂ ಇಲ್ಲದಿದ್ದರೆ ತರಗತಿ ಮುಚ್ಚಿದಂತೆಯೇ. ಎರಡು ವರ್ಷ ಗಂಟಲು ಹರಿದುಕೊಂಡು ಕಲಿಸಿದ ತಾರಾ ಅಳುವುದೊಂದು ಬಾಕಿ.

"ರೀ, ನಿಮಗೆ ಗುಜರಾತಿ ಅಕ್ಷರ ಬರಲ್ಲ ಅಲ್ವಾ?" ಎಂದಳು ಇದ್ದಕ್ಕಿದ್ದಂತೆ.

"ಮಾತೇ ನೆಟ್ಟಗೆ ಬರಲ್ಲ, ಇನ್ನು ಅಕ್ಷರ ಎಲ್ಲಿಂದ ಬರ್ಬೇಕು?"

"ಹಾಗಾದ್ರೆ ಸುಳ್ಳು ಹೇಳಿದ ಹಾಗೇನೂ ಆಗಲ್ಲ. ಬಂದು ಕೂತ್ಕೊಳ್ಳಿ."

ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕಾದಿದ್ದ ಸತ್ಯಪ್ರಕಾಶ ಲುಂಗಿಯಲ್ಲೇ ಇಳಿದು ಬಂದ. ಸುದ್ದಿ ತಿಳಿದ ನೆರೆಹೊರೆಯವರು ಸಲಹೆ ಸಮೇತ ಹಾಜರಾದರು. ಎದುರುಮನೆಯ ರಮೀಲಾಬೆನ್ ಅವನ ಕೈಗಡಿಯಾರ ಬಿಚ್ಚಿಸಿದರು. ಓದು ಬಾರದವನಿಗೆ ಕನ್ನಡಕ ಯಾಕೆಂದು ಸೊಸೈಟಿಯ ಕಾರ್ಯದರ್ಶಿ ಅದನ್ನೂ ಕಿತ್ತು ತಮ್ಮ ಜೇಬಿಗಿಳಿಸಿದರು. ಈಗ ಗುಜರಾತಿಯಿರಲಿ, ಹೆಂಡತಿಯ ಮುಖವೂ ಅವನಿಗೆ ಮಸುಕಾಯಿತು. ತಾರಾ ಒಂದು ಪುಟವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದಳು.

ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ; ತೊಂದರೆಯಾದದ್ದೇ ಅದರಿಂದ. ಇದ್ದೊಬ್ಬ ವಿದ್ಯಾರ್ಥಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಪುಟದ ಕೊನೆಯ ಪದದ ಮೇಲೆ ಬೆರಳಿಟ್ಟರು.

"ಸಾರು" ಎಂದ ಸತ್ಯಪ್ರಕಾಶ. ಬಾಯಿಪಾಠ ಮುಗಿಯುತ್ತಿದ್ದದ್ದೇ ಅಲ್ಲಿ.

ಹಾಗೆಂದರೇನು ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದರು. ಒಳ್ಳೆಯದು ಎನ್ನುವುದಕ್ಕೆ ಗುಜರಾತಿಯವರು ಹೇಳುವ ಆ ಮಾತನ್ನು ಅವನು ದಿನವೂ ಕೇಳುತ್ತಿದ್ದ. ಆದರೆ ಊಟವಾಗದ ಹೊಟ್ಟೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಗೊತ್ತಿರಲಿಲ್ಲ. ತೊಗರಿಬೇಳೆ ಬೇಯಿಸಿ, ಹುಣಸೆಹುಳಿ ಕಿವುಚಿ, ಕೊನೆಗೆ ಇಂಗಿನ ಒಗ್ಗರಣೆ ಕೊಡಬೇಕೆಂದು ವಿವರವಾಗಿ ಹೇಳಿಬಿಟ್ಟ.

ತಾರಾ ಹಣೆ ಚಚ್ಚಿಕೊಂಡಳು. ಅಧಿಕಾರಿ ಮಾತ್ರ ಕರಗಿಹೋದರು. ಪಾಪ, ಪದ ಓದಿದನಲ್ಲ, ಅರ್ಥ ನಿಧಾನಕ್ಕೆ ಬರುತ್ತದೆ, ತರಗತಿ ಮುಂದುವರಿಯಲಿ ಎಂದರು. ತಾರಾಳ ಮುಖ ಅರಳಿದ್ದು ಆ ಮಸುಕಿನಲ್ಲೂ ಸತ್ಯಪ್ರಕಾಶನಿಗೆ ಕಂಡಿತು. ಮರ್ಯಾದೆ ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಸಂತೋಷವಾಯಿತು.

ಹೊರಡುವಾಗ ಅಧಿಕಾರಿ, ಎಲ್ಲಿ ಕೆಲಸ ಎಂದು ಪ್ರೀತಿಯಿಂದ ವಿಚಾರಿಸಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಸತ್ಯಪ್ರಕಾಶ, ಕತಾರ್‌ಗಾಮಿನ ಬ್ಯಾಂಕಿನಲ್ಲಿ ಎಂದ. ಸೇರಿ ಹದಿನಾಲ್ಕು ವರ್ಷವಾಯಿತು ಎಂದೂ ಹೇಳಿದ. ಅಧಿಕಾರಿಯ ಮುಖ ಕೆಂಪಾಯಿತು.

"ಬ್ಯಾಂಕೂ ಸರ್ಕಾರದ್ದೇ. ಹದಿನಾಲ್ಕು ವರ್ಷದಲ್ಲಿ ಒಬ್ಬ ಜವಾನನಿಗೆ ನಾಲ್ಕು ಅಕ್ಷರ ಕಲಿಸಿಲ್ಲ ಅಂದ್ರೆ ನಿಮ್ಮ ಮ್ಯಾನೇಜರು ಉತ್ತರ ಕೊಡಬೇಕಾಗುತ್ತೆ. ನಾಳೆ ಬ್ಯಾಂಕ್ ತೆಗೆಯೋ ಹೊತ್ತಿಗೇ ಬಂದು ವಿಚಾರಿಸ್ತೀನಿ. ಏನಪ್ಪಾ ಅವನ ಹೆಸರು?"

ನೆರೆಹೊರೆಯವರು ಒಬ್ಬೊಬ್ಬರಾಗಿ ಮೆಟ್ಟಿಲ ಕಡೆ ಸರಿದರು. ತಾರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಸತ್ಯಪ್ರಕಾಶ ಅಂತ, ಸಾರ್" ಎಂದರು ಬ್ಯಾಂಕಿನ ಮ್ಯಾನೇಜರು, ಲುಂಗಿ ಸರಿಮಾಡಿಕೊಳ್ಳುತ್ತಾ.